ಲಂಡನ್ನಿನ ನ್ಯಾಷನಲ್ ಗ್ಯಾಲರಿ: ಒಂದು ಸಂಜೆಯಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು?

ಅಂಗಳದ ರಂಗೋಲಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಪ್ರೌಢಶಾಲೆಯಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು, ಈಗ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಬಂದಿದ್ದೇನೆ. ಮಗುವಿನ ನಾಮಕರಣ ಮುಗಿದ ಮೇಲೆ ಒಂದು ಶನಿವಾರ ಅಳಿಯಂದಿರು ನನ್ನನ್ನು ಲಂಡನ್ನಿಗೆ ಕರೆದುಕೊಂಡು ಹೋಗಿ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯನ್ನು ತೋರಿಸಿದರು. ತೋರಿಸಿದರು ಎನ್ನುವುದಕ್ಕಿಂತ ದಾಟಿಸಿದರು ಎನ್ನಬೇಕು. ಎರಡು ಗಂಟೆಯಲ್ಲಿ ಒಂದು ಕೋಣೆಯನ್ನೂ ಬಿಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ನನಗೆ ನೆನಪಿದ್ದದ್ದು ಮಂಡಿನೋವು ಮತ್ತು ಒಂದು ದೊಡ್ಡ ಕುದುರೆ, ಅಷ್ಟೇ. ಮನೆಗೆ ಬಂದು ಫೋನಿನಲ್ಲಿ ಎಣಿಸಿದರೆ ನಾನು ತೆಗೆದ 112 ಫೋಟೋಗಳಿದ್ದವು. ಅವುಗಳಲ್ಲಿ ಯಾವುದನ್ನು ಯಾರು ಬರೆದರು, ಯಾಕೆ ಬರೆದರು ಎಂದು ಮಗಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನಾನು ಊರಿಗೆ ಹೊರಡಲು ಇನ್ನು ಐದು ವಾರಗಳಿವೆ. ಶುಕ್ರವಾರ ಮಧ್ಯಾಹ್ನದ ನಂತರ ಅಳಿಯಂದಿರು ಮನೆಯಲ್ಲೇ ಇರುವುದರಿಂದ ಎಣ್ಣೆ-ನೀರಿನ ಕೆಲಸ ಮುಗಿಸಿ ಸಂಜೆ ನಾನೊಬ್ಬಳೇ ರೈಲು ಹತ್ತಿ ಹೋಗಿಬರಬಹುದು ಎಂದು ಮಗಳು ಧೈರ್ಯ ಹೇಳುತ್ತಿದ್ದಾಳೆ. ಚಿತ್ರಕಲೆಯಲ್ಲಿ ನನಗೆ ಪಾಂಡಿತ್ಯವಿಲ್ಲ, ಆದರೆ ಬೇಲೂರಿನ ಮದನಿಕೆಯರ ಮುಂದೆ ನೂರಾರು ಮಕ್ಕಳನ್ನು ನಿಲ್ಲಿಸಿ ವಿವರಿಸಿದ ಅಭ್ಯಾಸವಿದೆ. ಆದ್ದರಿಂದ ನಿಧಾನವಾಗಿ ನೋಡಿದರೆ ನನಗೂ ಏನಾದರೂ ದಕ್ಕೀತು ಎಂಬ ನಂಬಿಕೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಥೇಮ್ಸ್ ದಡದವನು

ಮೇಡಂ, ಶುಕ್ರವಾರ ಸಂಜೆಯನ್ನೇ ನೀವು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಉಳಿದ ದಿನಗಳಲ್ಲಿ ಗ್ಯಾಲರಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಮಾತ್ರ ತೆರೆದಿದ್ದರೆ ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ, ಮತ್ತು ಆರು ಗಂಟೆ ದಾಟಿದ ಮೇಲೆ ಶಾಲಾ ಮಕ್ಕಳ ಗುಂಪುಗಳೂ ಪ್ರವಾಸಿ ಬಸ್ಸುಗಳ ಜನರೂ ಹೊರಟುಹೋಗಿರುತ್ತಾರೆ. ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಇಳಿದು ನೆಲದಡಿಯ ಬೇಕರ್‌ಲೂ ರೈಲನ್ನು ಹತ್ತಿದರೆ ಎಲ್ಲೂ ಬದಲಾಯಿಸದೆ ಚೇರಿಂಗ್ ಕ್ರಾಸ್ ತಲುಪುತ್ತೀರಿ. ಅಲ್ಲಿಂದ ಮೇಲೆ ಬಂದರೆ ಎದುರಿಗೇ ಚೌಕ.

ಈಗ ಮುಖ್ಯ ಪ್ರವೇಶವಿರುವುದು ಎಡಬದಿಯ ಸೇನ್ಸ್‌ಬರಿ ವಿಂಗ್ ಎಂಬ ಹೊಸ ಭಾಗದಿಂದ. 1991ರಲ್ಲಿ ಕಟ್ಟಿದ ಆ ಭಾಗವನ್ನು ದುರಸ್ತಿಗೆಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿ, 2025ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಅದರ ಜೊತೆಗೆ ಸಂಗ್ರಹದ ಚಿತ್ರಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದರಿಂದ ಹಳೆಯ ಪ್ರವಾಸ ಪುಸ್ತಕಗಳಲ್ಲಿರುವ ಕೋಣೆ ಸಂಖ್ಯೆಗಳನ್ನು ನಂಬಬೇಡಿ. ಗ್ಯಾಲರಿಯ ಜಾಲತಾಣದಲ್ಲಿ ಪ್ರತಿ ಚಿತ್ರಕ್ಕೂ ಒಂದು ಪುಟವಿದ್ದು, ಅದು ಇಂದು ಪ್ರದರ್ಶನದಲ್ಲಿದೆಯೇ, ಇದ್ದರೆ ಯಾವ ಕೋಣೆಯಲ್ಲಿ ಎಂಬುದನ್ನು ಅಲ್ಲಿ ಬರೆದಿರುತ್ತಾರೆ. ಬಾಗಿಲಲ್ಲಿ ಚೀಲ ತಪಾಸಣೆಯಿದೆ. ಚಿತ್ರಗಳ ಮೇಲೆ ಸೂಪು ಎರಚಿದ ಪ್ರಕರಣಗಳ ನಂತರ, 2024ರ ಅಕ್ಟೋಬರಿನಲ್ಲಿ ದ್ರವ ಪದಾರ್ಥಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಆದ್ದರಿಂದ ಮಜ್ಜಿಗೆಯ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನು ಮುಖ್ಯ ವಿಷಯ. ಪ್ರವೇಶಕ್ಕೆ ದುಡ್ಡಿಲ್ಲ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ಟು. ದುಡ್ಡು ಕೊಟ್ಟು ಒಳಗೆ ಹೋದವರಿಗೆ ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಬರುವುದು ಸಹಜ, ಮದುವೆ ಮನೆಯಲ್ಲಿ ಎಲೆಯ ಮೇಲೆ ಬಡಿಸಿದ್ದನ್ನೆಲ್ಲ ಮುಗಿಸುವ ಹಾಗೆ. ನಿಮಗೆ ಆ ಹಟ ಬೇಕಿಲ್ಲ. ಐದು ಶುಕ್ರವಾರಗಳಲ್ಲಿ ಮೂರು ಸಿಕ್ಕಿದರೂ ಸಾಕು, ಒಂದೊಂದು ಸಂಜೆಗೆ ಮೂರೋ ನಾಲ್ಕೋ ಚಿತ್ರ, ಒಂದೊಂದರ ಮುಂದೆ ಕಾಲು ಗಂಟೆ. ಹೆಚ್ಚಿನ ಕೋಣೆಗಳ ನಡುವೆ ಬೆಂಚುಗಳಿವೆ, ಸಂಕೋಚವಿಲ್ಲದೆ ಕುಳಿತುಕೊಳ್ಳಿ.

ಒಂದೇ ಚಿತ್ರವನ್ನು ನೋಡಲು ಅಷ್ಟು ದೂರದಿಂದ ಬರುವುದೇ ಎಂದು ಯಾರಾದರೂ ನಕ್ಕರೆ ಯುದ್ಧಕಾಲದ ಕಥೆಯನ್ನು ಹೇಳಿ. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಭಯದಿಂದ ಇಲ್ಲಿನ ಚಿತ್ರಗಳನ್ನೆಲ್ಲ ಸಾಗಿಸಿದರು, 1941ರಿಂದ ಅವು ವೇಲ್ಸಿನ ಮ್ಯಾನೊಡ್ ಎಂಬಲ್ಲಿನ ಸ್ಲೇಟುಕಲ್ಲಿನ ಗಣಿಯೊಳಗೆ ಇದ್ದವು. ಖಾಲಿ ಕಟ್ಟಡದಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ ಮಧ್ಯಾಹ್ನದ ಕಛೇರಿಗಳನ್ನು ನಡೆಸುತ್ತಿದ್ದರು. ಜನರಿಗೆ ಸಂಗೀತವೊಂದೇ ಸಾಲಲಿಲ್ಲ, ನಮಗೆ ಚಿತ್ರವೂ ಬೇಕು ಎಂದು ಪತ್ರಿಕೆಗೆ ಪತ್ರ ಬರೆದರು. 1942ರಲ್ಲಿ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತಂದು ಗೋಡೆಗೆ ಹಾಕುವ ಏರ್ಪಾಟಾಯಿತು, ತಿಂಗಳ ಚಿತ್ರವೆಂದು ಮೊದಲು ಬಂದದ್ದು ಟಿಷಿಯನ್ ಬರೆದ ಕ್ರಿಸ್ತ ಮತ್ತು ಮಗ್ದಲೀನಳ ಚಿತ್ರ. ಕುಸಿದ ಮನೆಗಳ ನಡುವಿನಿಂದ ನಡೆದು ಬಂದು ಆ ಒಂದೇ ಚಿತ್ರದ ಮುಂದೆ ಜನ ನಿಲ್ಲುತ್ತಿದ್ದರು. ತಿಂಗಳ ಚಿತ್ರದ ಪದ್ಧತಿಯನ್ನು ಗ್ಯಾಲರಿ ಇಂದಿಗೂ ಮರೆತಿಲ್ಲ.

ಎರಡನೇ ಅಭಿಪ್ರಾಯ

ಥೇಮ್ಸ್ ದಡದವರ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪ್ಯಾರಿಸ್ಸಿನ ಲೂವ್ರ್‌ಗೆ ಹೋಲಿಸಿದರೆ ಇದು ಸಣ್ಣ ಸಂಗ್ರಹ, ಸುಮಾರು 2,300 ಚಿತ್ರಗಳಷ್ಟೇ. ಆದರೆ 13ನೇ ಶತಮಾನದಿಂದ 1900ರ ಆಸುಪಾಸಿನವರೆಗೆ ಪಶ್ಚಿಮ ಯುರೋಪಿನ ಚಿತ್ರಕಲೆ ನಡೆದು ಬಂದ ದಾರಿಯಲ್ಲಿ ದೊಡ್ಡ ಗುಂಡಿಗಳಿಲ್ಲದಂತೆ ಜೋಡಿಸಿದ ಸಂಗ್ರಹ. ನಾಲ್ಕು ಚಿತ್ರಗಳನ್ನು ಮಾತ್ರ ನೋಡಿ ಬಂದರೆ ಆ ದಾರಿಯೇ ಕಾಣುವುದಿಲ್ಲ. ಆರಂಭದ ಕೋಣೆಗಳಲ್ಲಿ ಆಕಾಶವಿರಬೇಕಾದ ಕಡೆ ಬರೀ ಚಿನ್ನವಿರುತ್ತದೆ. ಹತ್ತು ಕೋಣೆ ದಾಟುವಷ್ಟರಲ್ಲಿ ಆ ಚಿನ್ನ ಕರಗಿ ಹೊಲ, ಬೆಟ್ಟ, ಮೋಡ ಬರುತ್ತವೆ, ಮತ್ತೂ ಮುಂದೆ ಹೋದರೆ ದೇವರೇ ಇಲ್ಲದ ಬರೀ ಮೋಡಗಳು ಬರುತ್ತವೆ. ಈ ಬದಲಾವಣೆಯನ್ನು ನಡೆಯುತ್ತಲೇ ನೋಡಬೇಕು, ಕುಳಿತು ನೋಡಲಾಗದು. ಮೊದಲ ಸಂಜೆ ಎಲ್ಲೂ ನಿಲ್ಲದೆ, ಫೋಟೋ ತೆಗೆಯದೆ, ಕಾಲಾನುಕ್ರಮದಲ್ಲಿ ಒಮ್ಮೆ ನಡೆದುಬಿಡಿ ಎಂದು ನಾನು ಹೇಳುತ್ತೇನೆ. ಮೇಡಂ ಅವರು ಎರಡು ಗಂಟೆಯಲ್ಲಿ ಎಲ್ಲವನ್ನೂ ದಾಟಿದ್ದು ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ, ಅರ್ಧ ಕೆಲಸ ಆಗಿದೆ.

ಇನ್ನೊಂದು ಮಾತು. ಲೂವ್ರ್ ಆಗಲಿ ಮ್ಯಾಡ್ರಿಡ್ಡಿನ ಪ್ರಾಡೊ ಆಗಲಿ ರಾಜರ ಸಂಗ್ರಹದಿಂದ ಬೆಳೆದವು. ಇದು ಹಾಗಲ್ಲ. 1824ರಲ್ಲಿ ಬ್ರಿಟಿಷ್ ಸಂಸತ್ತು 57,000 ಪೌಂಡು ಕೊಟ್ಟು, ತೀರಿಕೊಂಡಿದ್ದ ಜಾನ್ ಜೂಲಿಯಸ್ ಆಂಗರ್‌ಸ್ಟೀನ್ ಎಂಬ ಶ್ರೀಮಂತನ 38 ಚಿತ್ರಗಳನ್ನು ಕೊಂಡು, ಪಾಲ್ ಮಾಲ್ ಬೀದಿಯ ಅವನ ಮನೆಯಲ್ಲೇ ಮೇ 10ರಂದು ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಈಗಿನ ಕಟ್ಟಡ ತೆರೆದದ್ದು 1838ರಲ್ಲಿ. ಆಂಗರ್‌ಸ್ಟೀನನ ಸಂಪತ್ತು ಬಂದದ್ದು ಹಡಗು ವಿಮೆಯಿಂದ, ಗುಲಾಮರನ್ನು ಸಾಗಿಸಿದ ಹಡಗುಗಳ ವಿಮೆಯೂ ಅದರಲ್ಲಿ ಸೇರಿತ್ತೆಂಬುದನ್ನು ಗ್ಯಾಲರಿಯೇ ತನ್ನ ಇತಿಹಾಸದಲ್ಲಿ ಬರೆದುಕೊಂಡಿದೆ. ಸಮಾಜ ವಿಜ್ಞಾನದ ಟೀಚರ್ ಆದ್ದರಿಂದ ಹೇಳಿದೆ. ಸೆಬಾಸ್ಟಿಯಾನೊ ದೆಲ್ ಪಿಯೊಂಬೊ ಬರೆದ, ಲಾಜರನು ಸತ್ತು ಎದ್ದು ಬರುವ ದೊಡ್ಡ ಚಿತ್ರವೊಂದಿದೆ, ಗ್ಯಾಲರಿಯ ದಾಖಲೆಯಲ್ಲಿ ಅದರದು ಒಂದನೇ ನಂಬರು. ಅದನ್ನು ನೋಡುವಾಗ ಇದನ್ನೂ ನೆನೆಯಿರಿ.

ಬಣ್ಣದ ಬಟ್ಟಲು

ನಾನು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುವವಳು. ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದಾಗ ಕಸುಬಿನವಳ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ.

ವಿಲ್ಟನ್ ಡಿಪ್ಟಿಕ್ ಎಂಬ ಜೋಡಿ ಹಲಗೆಯನ್ನು ದಯವಿಟ್ಟು ಬಿಡಬೇಡಿ. 1395ರಿಂದ 1399ರ ನಡುವೆ ಇಂಗ್ಲೆಂಡಿನ ಎರಡನೇ ರಿಚರ್ಡ್ ದೊರೆಗಾಗಿ ಮಾಡಿದ್ದು, ಬರೆದವನ ಹೆಸರು ಯಾರಿಗೂ ತಿಳಿದಿಲ್ಲ. ಪುಸ್ತಕದ ಹಾಗೆ ಮಡಚಬಹುದಾದ ಎರಡು ಓಕ್ ಹಲಗೆಗಳು, ಒಂದೊಂದೂ ಅರ್ಧ ಮೀಟರು ಎತ್ತರ. ದೊರೆ ಪಯಣ ಹೋಗುವಾಗ ಜೊತೆಗೆ ಒಯ್ಯುವ ದೇವರ ಪಟ ಎಂದಿಟ್ಟುಕೊಳ್ಳಿ. ನಾವು ಗೆಸ್ಸೋ ಕೆಲಸದಲ್ಲಿ ಸಫೇದ ಮತ್ತು ಅಂಟನ್ನು ಕಲಸಿ, ಎಬ್ಬಿಸಬೇಕಾದ ಕಡೆ ಕುಂಚದಿಂದ ಪದರಪದರವಾಗಿ ಏರಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ಅವರು ಹಲಗೆಗೆಲ್ಲ ಬಿಳಿ ಗೆಸ್ಸೋ ಬಳಿದು ನಯ ಮಾಡಿ, ಕೆಂಪು ಜೇಡಿಯ ತೆಳು ಪದರದ ಮೇಲೆ ರೇಕನ್ನು ಹಾಸಿ, ತಿಕ್ಕಿ ಹೊಳಪು ಕೊಟ್ಟು, ಆಮೇಲೆ ಮೊಂಡು ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಒತ್ತಿ ವಿನ್ಯಾಸ ಮೂಡಿಸುತ್ತಿದ್ದರು. ನಮ್ಮ ಚಿನ್ನ ಉಬ್ಬುತ್ತದೆ, ಅವರ ಚಿನ್ನ ತಗ್ಗುತ್ತದೆ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಆ ಚುಕ್ಕಿಗಳು ದೀಪದ ಬೆಳಕಿನಲ್ಲಿ ಮಿಣುಕುತ್ತವೆ. ಬಲಗಡೆಯ ಹಲಗೆಯಲ್ಲಿ ಹನ್ನೊಂದು ದೇವದೂತರು ನೀಲಿ ಉಡುಪಿನಲ್ಲಿದ್ದಾರೆ, ಒಬ್ಬೊಬ್ಬರ ಎದೆಯ ಮೇಲೂ ದೊರೆಯ ಲಾಂಛನವಾದ ಬಿಳಿ ಗಂಡು ಜಿಂಕೆಯ ಬಿಲ್ಲೆಯಿದೆ. ದೇವಲೋಕದವರಿಗೂ ತನ್ನ ಬಿಲ್ಲೆ ಹಾಕಿಸಿದ ದೊರೆಯ ಠೀವಿಯನ್ನು ಏನೆನ್ನುವುದು!

ಆ ಕಾಲದ ಇಟಲಿಯ ಚಿತ್ರಗಳಲ್ಲಿ ಮೇರಿಯ ಮುಖ ಹಸಿರಾಗಿ ಕಂಡರೆ ಗಾಬರಿಯಾಗಬೇಡಿ. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುತ್ತಿದ್ದ ಅವರು ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಗುಲಾಬಿ ಬಣ್ಣವನ್ನು ಗೆರೆಗೆರೆಯಾಗಿ ಎಳೆಯುತ್ತಿದ್ದರು. ಏಳುನೂರು ವರ್ಷಗಳಲ್ಲಿ ಮೇಲಿನ ಗುಲಾಬಿ ಸವೆದು ಅಡಿಯ ಹಸಿರು ಇಣುಕುತ್ತಿದೆ. ಇನ್ನು ಟಿಷಿಯನ್ ಬರೆದ ಬ್ಯಾಕಸ್ ಮತ್ತು ಅರಿಯಾಡ್ನೆಯ ಚಿತ್ರದ ಆಕಾಶವನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅದು ಲ್ಯಾಪಿಸ್ ಲಾಜುಲಿ ಎಂಬ ನೀಲಿ ಕಲ್ಲನ್ನು ಅರೆದು ತೆಗೆದ ಬಣ್ಣ, ಕಲ್ಲು ಬರುತ್ತಿದ್ದದ್ದು ಅಫಘಾನಿಸ್ತಾನದ ಬದಕ್‌ಶಾನಿನ ಗಣಿಗಳಿಂದ. ಅಂಥ ಬಣ್ಣವನ್ನು ಆಕಾಶಕ್ಕೆಲ್ಲ ಧಾರಾಳವಾಗಿ ಬಳಿಯಬೇಕಾದರೆ ಬರೆಸಿದವನ ಬೊಕ್ಕಸ ಎಷ್ಟಿರಬೇಕು?

ಕಾವೇರಿ ದಂಡೆ

ನನ್ನದು ಶ್ರೀರಂಗಪಟ್ಟಣ. ಚಿತ್ರಕಲೆಯ ಬಗ್ಗೆ ಹೇಳುವಷ್ಟು ತಿಳಿದವನಲ್ಲ, ಆದರೆ ಆ ಕಟ್ಟಡದಲ್ಲಿ ನಮ್ಮೂರಿಗೆ ಸಂಬಂಧಪಟ್ಟ ಒಂದು ಮುಖವಿದೆ. ಸ್ಪೇನಿನ ಗೋಯಾ ಬರೆದ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನ ಭಾವಚಿತ್ರ. ಈತನೇ ನಮ್ಮ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲಿನಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ ಟಿಪ್ಪುವಿನ ಸೈನಿಕರ ಕೈಯಲ್ಲಿ ಪೆಟ್ಟು ತಿಂದವನು, ಮೇ 4ರಂದು ಕೋಟೆ ಬಿದ್ದ ಮೇಲೆ ಪಟ್ಟಣದ ಆಡಳಿತ ವಹಿಸಿಕೊಂಡವನು, ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದು ಅಲ್ಲಿನ ಗೋಡೆಯ ಚಿತ್ರಗಳನ್ನು ಮತ್ತೆ ಬರೆಸಿದವನು, ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೋಣಗಲ್ಲಿನಲ್ಲಿ ಕೊಂದವನು. ಗೋಯಾ ಅವನನ್ನು ಬರೆಯಲು ತೊಡಗಿದ್ದು 1812ರಲ್ಲಿ, ಅವನ ಸೈನ್ಯ ಮ್ಯಾಡ್ರಿಡ್ ಹೊಕ್ಕಾಗ. ಹೊಸ ಪದಕಗಳು ಬಂದ ಹಾಗೆ 1814ರವರೆಗೆ ಚಿತ್ರವನ್ನು ತಿದ್ದಬೇಕಾಯಿತು.

ಇದೇ ಚಿತ್ರವನ್ನು 1961ರಲ್ಲಿ 1,40,000 ಪೌಂಡಿಗೆ ಕೊಂಡು ಗೋಡೆಗೆ ಹಾಕಿ ಮೂರು ವಾರವೂ ಆಗಿರಲಿಲ್ಲ, ಆಗಸ್ಟ್ 21ರಂದು ಯಾರೋ ಕದ್ದೊಯ್ದರು. ನಾಲ್ಕು ವರ್ಷದ ನಂತರ ಅದು ಬರ್ಮಿಂಗ್‌ಹ್ಯಾಮ್ ರೈಲು ನಿಲ್ದಾಣದ ಲಗೇಜು ಕೋಣೆಯಲ್ಲಿ ಸಿಕ್ಕಿತು. ಕೆಂಪ್ಟನ್ ಬಂಟನ್ ಎಂಬ ನಿವೃತ್ತ ಬಸ್ ಚಾಲಕ ತಾನೇ ಕದ್ದೆನೆಂದು ಪೊಲೀಸರ ಮುಂದೆ ನಿಂತ. ಬಡ ಮುದುಕರಿಂದ ಟಿವಿ ಲೈಸೆನ್ಸಿನ ಶುಲ್ಕ ವಸೂಲಿ ಮಾಡುವ ಸರಕಾರ ಒಂದು ಚಿತ್ರಕ್ಕೆ ಇಷ್ಟು ಸುರಿದದ್ದು ಅವನ ಸಿಟ್ಟು. ಚಿತ್ರವನ್ನು ತನ್ನದಾಗಿಸಿಕೊಳ್ಳುವ ಉದ್ದೇಶ ಅವನಿಗಿರಲಿಲ್ಲವೆಂದು ನ್ಯಾಯಾಲಯ ಒಪ್ಪಿ ಬಿಟ್ಟುಬಿಟ್ಟಿತು. ಆದರೆ ಚೌಕಟ್ಟು ವಾಪಸು ಬಂದಿರಲಿಲ್ಲ, ಆ ಚೌಕಟ್ಟಿನ ಕಳ್ಳತನಕ್ಕಾಗಿ ಮೂರು ತಿಂಗಳು ಜೈಲಾಯಿತು. ನಿಜವಾಗಿ ಕದ್ದವನು ಅವನ ಮಗನೆಂಬುದು ಎಷ್ಟೋ ವರ್ಷಗಳ ಮೇಲೆ ಹೊರಬಂತು.

ಅಂಗಳದ ರಂಗೋಲಿ

ಎಲ್ಲರಿಗೂ ಬಹಳ ಕೃತಜ್ಞಳಾಗಿದ್ದೇನೆ. ವೆಲ್ಲೆಸ್ಲಿಯ ಹೆಸರನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನು, ಅವನ ಮುಖ ಹೇಗಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಒಂದು ಸಂದೇಹವಿದೆ. ಹೋದ ಸಲ ನನಗೆ ಎಲ್ಲ ಒಂದೇ ರೀತಿ ಕಂಡದ್ದಕ್ಕೆ ಕಾರಣ ಬಹುಶಃ ಆ ಚಿತ್ರಗಳಲ್ಲಿರುವವರು ಯಾರೆಂದು ಗೊತ್ತಿಲ್ಲದಿರುವುದು. ಅರ್ಧಕ್ಕಿಂತ ಹೆಚ್ಚು ಚಿತ್ರಗಳು ಬೈಬಲ್ಲಿನ ಕಥೆಗಳೋ ಸಂತರ ಕಥೆಗಳೋ ಆಗಿರುತ್ತವೆ. ಪಕ್ಕದ ಫಲಕದಲ್ಲಿರುವ ಸಣ್ಣಕ್ಷರವನ್ನು ಓದಲು ಕನ್ನಡಕ ಹಾಕಬೇಕು, ಚಿತ್ರ ನೋಡಲು ತೆಗೆಯಬೇಕು. ಇದಕ್ಕೆ ಉಪಾಯವಿದೆಯೇ?

ಬಣ್ಣದ ಬಟ್ಟಲು

ಮೇಡಂ, ನೀವು ಹೊಯ್ಸಳ ದೇವಾಲಯದ ಗೋಡೆಯ ಮುಂದೆ ಮಾಡುವುದನ್ನೇ ಅಲ್ಲಿಯೂ ಮಾಡಿ. ನವಿಲಿದ್ದರೆ ಸುಬ್ರಹ್ಮಣ್ಯ, ಇಲಿಯಿದ್ದರೆ ಗಣಪತಿ, ಕೊಳಲಿದ್ದರೆ ಕೃಷ್ಣ ಎಂದು ಗುರುತಿಸಲು ನಮಗೆ ಫಲಕ ಬೇಕಾಗುವುದಿಲ್ಲ. ಅವರಲ್ಲಿಯೂ ಲಕ್ಷಣಗಳಿವೆ. ಕೈಯಲ್ಲಿ ಬೀಗದ ಕೈಗಳಿದ್ದರೆ ಪೀಟರ್, ಪಕ್ಕದಲ್ಲಿ ಸಿಂಹ ಮಲಗಿದ್ದರೆ ಜೆರೋಮ್, ಮುರಿದ ಚಕ್ರವಿದ್ದರೆ ಕ್ಯಾಥರೀನ್, ಮೈತುಂಬ ಬಾಣ ನೆಟ್ಟಿದ್ದರೆ ಸೆಬಾಸ್ಟಿಯನ್, ಸುಗಂಧದ ಭರಣಿ ಹಿಡಿದ ಹೆಂಗಸಾದರೆ ಮಗ್ದಲೀನ್, ತಟ್ಟೆಯಲ್ಲಿ ಎರಡು ಕಣ್ಣುಗಳನ್ನಿಟ್ಟುಕೊಂಡು ನಿಂತವಳು ಲೂಸಿ. ಒಂಟೆಯ ಕೂದಲಿನ ಒರಟು ಉಡುಪು ತೊಟ್ಟು ಬಡಕಲಾಗಿರುವವನು ಸ್ನಾನಿಕ ಯೋಹಾನ. ಇಷ್ಟು ತಿಳಿದರೆ ಮೊದಲ ಹತ್ತು ಕೋಣೆಗಳಲ್ಲಿ ನೀವು ಪರಕೀಯರಲ್ಲ.

ಥೇಮ್ಸ್ ದಡದವನು

ಸಂತರ ಕಥೆ ಬೇಡವೆನಿಸಿದ ದಿನ ನೋಡಲು ಎರಡು ಚಿತ್ರ ಹೇಳುತ್ತೇನೆ. ವಾನ್ ಐಕ್ 1434ರಲ್ಲಿ ಬರೆದ ಅರ್ನೋಲ್ಫಿನಿ ದಂಪತಿಗಳು, ಹೋಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳು. ಏನಿದೆ ಎಂದು ಮೊದಲೇ ಹೇಳುವುದಿಲ್ಲ. ಮೊದಲನೆಯದರಲ್ಲಿ ಕನ್ನಡಿಯನ್ನು ನೋಡಿ. ಎರಡನೆಯದರ ಮುಂದೆ ಹತ್ತು ನಿಮಿಷ ನಿಂತ ಮೇಲೆ, ಬಲಗಡೆಯ ಗೋಡೆಯ ಹತ್ತಿರಕ್ಕೆ ಸರಿದು ತಿರುಗಿ ನೋಡಿ.

ಅಂಗಳದ ರಂಗೋಲಿ

ಎರಡು ಶುಕ್ರವಾರ ಹೋಗಿಬಂದೆ. ವರದಿ ಒಪ್ಪಿಸುತ್ತಿದ್ದೇನೆ, ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಬೇಕು.

ಅರ್ನೋಲ್ಫಿನಿ ಚಿತ್ರ ಇಷ್ಟು ಚಿಕ್ಕದೆಂದು ನಾನೆಣಿಸಿರಲಿಲ್ಲ, ನಮ್ಮನೆಯ ದೇವರ ಕೋಣೆಯಲ್ಲಿರುವ ಪಟ್ಟಾಭಿಷೇಕದ ಪಟಕ್ಕಿಂತ ತುಸು ದೊಡ್ಡದಿರಬಹುದು. ಹಸಿರು ನಿಲುವಂಗಿಯ ಆ ಹೆಂಗಸನ್ನು ನೋಡಿದ ಕೂಡಲೇ, ಬಾಣಂತಿಯ ಮನೆಯಿಂದ ಹೋದವಳಾದ್ದರಿಂದಲೋ ಏನೋ, ಇದು ಸೀಮಂತದ ಚಿತ್ರ ಎಂದು ತೀರ್ಮಾನಿಸಿಬಿಟ್ಟೆ. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರೆ, ಅವಳು ಬಸುರಿಯಲ್ಲ, ಆ ಕಾಲದ ರೂಢಿಯಂತೆ ನೆಲದವರೆಗಿನ ಉಡುಪಿನ ನೆರಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಾಳೆ ಎಂದಿತ್ತು. ನೆರಿಗೆ ಎತ್ತಿ ಹಿಡಿಯುವುದು ನಮಗೂ ಹೊಸದಲ್ಲ. ಕಿಟಕಿಯ ಬಳಿ ಕಿತ್ತಳೆ ಹಣ್ಣುಗಳಿವೆ, ಕಾಲ ಬಳಿ ಒಂದೊಂದು ಕೂದಲೂ ಎಣಿಸಬಹುದಾದ ನಾಯಿಮರಿಯಿದೆ, ತೂಗುದೀಪದಲ್ಲಿ ಒಂದೇ ಒಂದು ಮೇಣದಬತ್ತಿ ಹಗಲಲ್ಲೇ ಉರಿಯುತ್ತಿದೆ. ಹಿಂದಿನ ಗೋಡೆಯ ಮೇಲೆ ಅಂಗೈಯಗಲದ ಉಬ್ಬುಗನ್ನಡಿ. ಅದರೊಳಗೆ ಈ ದಂಪತಿಗಳ ಬೆನ್ನು ಕಾಣುತ್ತದೆ, ಅವರಾಚೆ ಬಾಗಿಲಲ್ಲಿ ಇನ್ನಿಬ್ಬರು ನಿಂತಿರುವುದು ಕಾಣುತ್ತದೆ. ಅಂದರೆ ಆ ಇಬ್ಬರು ನಾವು ನಿಂತಿರುವ ಜಾಗದಲ್ಲೇ ನಿಂತಿದ್ದರು. ಕನ್ನಡಿಯ ಮೇಲ್ಗಡೆ ಬಳುಕಿನ ಅಕ್ಷರದಲ್ಲಿ ಯಾನ್ ವಾನ್ ಐಕ್ ಇಲ್ಲಿದ್ದನು, 1434 ಎಂದು ಲ್ಯಾಟಿನ್ನಿನಲ್ಲಿ ಬರೆದಿದೆ. ಬೇಲೂರಿನ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿದ್ದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಇವನು ಮಾಡಿದೆನೆಂದು ಹೇಳಲಿಲ್ಲ, ಇದ್ದೆನೆಂದು ಹೇಳಿದ.

ರಾಯಭಾರಿಗಳ ಚಿತ್ರ ಎರಡು ಮೀಟರಿಗೂ ಹೆಚ್ಚು ಎತ್ತರ, ಅಷ್ಟೇ ಅಗಲ. ಎಡಗಡೆಯವನಿಗೆ 29 ವರ್ಷ, ಅದನ್ನು ಅವನ ಕಠಾರಿಯ ಒರೆಯ ಮೇಲೆಯೇ ಬರೆದಿದ್ದಾನೆ. ಬಲಗಡೆಯ ಪಾದ್ರಿಗೆ 25, ಅದು ಅವನ ಮೊಣಕೈಯ ಕೆಳಗಿನ ಪುಸ್ತಕದ ಅಂಚಿನಲ್ಲಿದೆ. ನಡುವಿನ ಕಪಾಟಿನಲ್ಲಿ ಖಗೋಳ, ಭೂಗೋಳ, ಬಿಸಿಲು ಗಡಿಯಾರ, ಲೆಕ್ಕದ ಪುಸ್ತಕ, ಕೊಳಲುಗಳು, ಲ್ಯೂಟ್ ಎಂಬ ತಂತಿವಾದ್ಯ. ನಾನು ಆ ವಾದ್ಯದ ತಂತಿಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಒಂದು ಹರಿದಿದೆ, ಅದರ ತುದಿ ಮೇಲಕ್ಕೆ ಸುರುಳಿಯಾಗಿ ಎದ್ದಿದೆ. ಆ ವರ್ಷಗಳಲ್ಲಿ ಯುರೋಪಿನ ಕ್ರೈಸ್ತರು ಎರಡಾಗಿ ಒಡೆಯುತ್ತಿದ್ದರು ಎಂಬ ಪಾಠವನ್ನು ಹತ್ತನೇ ತರಗತಿಯಲ್ಲಿ ಎಷ್ಟು ಸಲ ಮಾಡಿಲ್ಲ ನಾನು! ಅದನ್ನು ಈತ ಒಂದು ತಂತಿಯಲ್ಲಿ ಹೇಳಿ ಮುಗಿಸಿದ್ದಾನೆ.

ಅವರ ಕಾಲ ಬಳಿ ನೆಲದ ಮೇಲೆ ಓರೆಯಾಗಿ ಏನೋ ಬೂದು ಬಣ್ಣದ್ದು ಒರಗಿತ್ತು, ಮೀನಿನ ಮೂಳೆಯಂತೆ. ಥೇಮ್ಸ್ ದಡದವರು ಹೇಳಿದಂತೆ ಬಲಗಡೆಗೆ ಸರಿದು, ಕೆನ್ನೆ ಗೋಡೆಗೆ ತಾಗುವಷ್ಟು ಓರೆಯಾಗಿ ನೋಡಿದೆ. ತಲೆಬುರುಡೆ! ಅದು ಸರಿಯಾಗಿ ಕಂಡ ಕ್ಷಣದಲ್ಲಿ ಆ ಇಬ್ಬರು ಯುವಕರೂ ಅವರ ಗೋಲಗಳೂ ನೂಲಿನಂತೆ ಸೊರಗಿ ಕಾಣದಾದವು. ಪಕ್ಕದಲ್ಲಿ ಒಬ್ಬ ಶಾಲಾ ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಅವಳನ್ನೂ ಕರೆದು ನಿಲ್ಲಿಸಿ ತೋರಿಸಿದೆ. ಅವಳ ತಾಯಿಯೂ ಬಂದು ನಿಂತು ನೋಡಿದರು. ಅಭ್ಯಾಸ ಬಲ, ಏನು ಮಾಡುವುದು. ಮುಂದೆ ಮತ್ತೊಂದನ್ನೂ ಕಂಡೆ, ಎಡಗಡೆಯ ಮೂಲೆಯಲ್ಲಿ ಹಸಿರು ಪರದೆಯ ಅಂಚಿನಲ್ಲಿ ಅರ್ಧ ಮುಚ್ಚಿಹೋದ ಬೆಳ್ಳಿಯ ಶಿಲುಬೆ. ಆ ಸಂಜೆ ಇವೆರಡೇ ಚಿತ್ರ, ಇನ್ನು ಬೇಡವೆನಿಸಿತು.

ಎರಡನೇ ಶುಕ್ರವಾರ ವೆಲ್ಲೆಸ್ಲಿಯನ್ನು ಹುಡುಕಿಕೊಂಡು ಹೋದೆ. ಅವನದೂ ಚಿಕ್ಕ ಹಲಗೆಯೇ. ಕೆಂಪು ಅಂಗಿ, ಎದೆಯ ಮೇಲೆ ಪದಕಗಳ ರಾಶಿ, ಪದಕಗಳನ್ನು ಗೋಯಾ ಅವಸರದ ಕುಂಚದಲ್ಲಿ ಚಿಮುಕಿಸಿದಂತೆ ಬರೆದಿದ್ದಾನೆ. ಕಣ್ಣುಗಳನ್ನು ಮಾತ್ರ ಹಾಗೆ ಬರೆದಿಲ್ಲ. ನಿದ್ದೆಗೆಟ್ಟವನ ಕಣ್ಣುಗಳು. ಗೆದ್ದವನನ್ನು ಬರೆಯುವಾಗ ಹೊಗಳಬೇಕೆಂಬ ಆಸೆ ಚಿತ್ರಕಾರನಿಗೆ ಇದ್ದಂತೆ ಕಾಣಲಿಲ್ಲ. ನನಗೆ ಅವನ ಮೇಲೆ ಕನಿಕರವೇನೂ ಹುಟ್ಟಲಿಲ್ಲ, ಶ್ರೀರಂಗಪಟ್ಟಣದ ಕೋಟೆಯ ಗೋಡೆ ನೆನಪಾಯಿತು.

ಎರಡನೇ ಅಭಿಪ್ರಾಯದವರಿಗೆ ಒಂದು ಮಾತು. ನೀವು ಹೇಳಿದಂತೆ ದಾರಿಯನ್ನು ನಡೆದು ನೋಡುವುದೂ ಬೇಕು, ಒಪ್ಪಿದೆ. ಆದರೆ ರೆಂಬ್ರಾಂಟ್ ತನ್ನನ್ನೇ ಬರೆದುಕೊಂಡ ಎರಡು ಚಿತ್ರಗಳು ಅಲ್ಲಿವೆ. ಒಂದು 1640ರಲ್ಲಿ, 34ನೇ ವಯಸ್ಸಿನದು, ಮಖಮಲ್ಲು ತುಪ್ಪಳಗಳಲ್ಲಿ ಮೊಣಕೈ ಊರಿ ನಮ್ಮನ್ನು ಅಳೆಯುತ್ತಾನೆ. ಇನ್ನೊಂದು 1669ರಲ್ಲಿ, ಅವನು ತೀರಿಕೊಂಡ ವರ್ಷದ್ದು, 63ನೇ ವಯಸ್ಸಿನದು. ಕೈಗಳನ್ನು ಜೋಡಿಸಿಕೊಂಡು ಸುಮ್ಮನೆ ಕುಳಿತಿದ್ದಾನೆ, ಮೂಗಿನ ಮೇಲಿನ ಬಣ್ಣ ಮುದ್ದೆಯಾಗಿದೆ. ನನಗೂ ಈಗ 63. ಇಲ್ಲಿ ದಾರಿಯನ್ನು ತಿಳಿಯಲು ನಾನು ಹತ್ತು ಕೋಣೆ ನಡೆಯಬೇಕಾಗಲಿಲ್ಲ.

ಎರಡನೇ ಅಭಿಪ್ರಾಯ

ಸೋತೆ ಮೇಡಂ. ಆದರೆ ಟರ್ನರ್‌ನ ಕೋಣೆಗೆ ಹೋಗದೆ ಊರಿಗೆ ಹೊರಟರೆ ಮಾತ್ರ ಬಿಡುವುದಿಲ್ಲ. ಮಳೆ, ಹಬೆ ಮತ್ತು ವೇಗ ಎಂಬರ್ಥದ ಹೆಸರಿನ, 1844ರ ಚಿತ್ರವನ್ನು ನೋಡಿ. ಮಳೆಯಲ್ಲಿ ಸೇತುವೆಯ ಮೇಲೆ ಓಡಿಬರುವ ರೈಲು. ಆ ಸೇತುವೆ ಬ್ರುನೆಲ್ ಎಂಬ ಎಂಜಿನಿಯರ್ ಮೇಡನ್‌ಹೆಡ್‌ನಲ್ಲಿ ಥೇಮ್ಸ್ ನದಿಗೆ ಇಟ್ಟಿಗೆಯಲ್ಲಿ ಕಟ್ಟಿದ್ದು. ನೀವು ರೆಡಿಂಗ್‌ನಿಂದ ಪ್ಯಾಡಿಂಗ್ಟನ್ನಿಗೆ ಹೋಗುವ ರೈಲು ಇಂದಿಗೂ ಅದೇ ಸೇತುವೆಯ ಮೇಲೆ ಹಾಯುತ್ತದೆ. ರೈಲಿನ ಮುಂದೆ ಹಳಿಯ ಮೇಲೆ ಒಂದು ಮೊಲ ಓಡುತ್ತಿದೆ, ಬಣ್ಣ ತೆಳುವಾಗಿ ಈಗ ಅದು ಕಾಣುವುದೇ ಕಷ್ಟ. ಹುಡುಕಿ.

ಅಂಗಳದ ರಂಗೋಲಿ

ನಿನ್ನೆ ಕೊನೆಯ ಶುಕ್ರವಾರವಾಗಿತ್ತು, ಬರುವ ಬುಧವಾರ ನನ್ನ ವಿಮಾನ. ಆ ಚಿತ್ರದ ಮುಂದೆ ಅರ್ಧ ಗಂಟೆ ಕುಳಿತೆ. ದೂರದಿಂದ ನೋಡಿದರೆ ಬರೀ ಹಳದಿ, ಕಂದು, ಬಿಳಿ ಮಸುಕು. ಹತ್ತಿರ ಹೋದರೆ ಅಲಗಿನಿಂದ ಬಳಿದಂತಿರುವ ದಪ್ಪ ಬಣ್ಣ, ನಟ್ಟನಡುವೆ ಎಂಜಿನ್ನಿನ ಕಪ್ಪು ಚಿಮಣಿಯೊಂದು ಮಾತ್ರ ಗಟ್ಟಿಯಾಗಿ ಕೂರುತ್ತದೆ. ಎಡಗಡೆ ನದಿಯಲ್ಲಿ ಸಣ್ಣ ದೋಣಿ, ಬಲಗಡೆ ದೂರದ ಹೊಲದಲ್ಲಿ ಉಳುತ್ತಿರುವ ರೈತ, ಇವೆಲ್ಲ ಸಿಕ್ಕಿದವು. ಮೊಲ ಸಿಗಲಿಲ್ಲ. ಕಾವಲಿನ ಸಿಬ್ಬಂದಿಯೊಬ್ಬರನ್ನು ಕೇಳಿದೆ. ಅವರು ಹಳಿಯ ಮೇಲಿನ ಒಂದು ಕಂದು ಗೀರಿನ ಕಡೆ ಬೆರಳು ತೋರಿಸಿದರು, ನಾನು ಹೂಂ ಎಂದೆ, ನಿಜವಾಗಿ ಕಂಡಿತೆಂದು ಎದೆ ತಟ್ಟಿ ಹೇಳಲಾರೆ.

ಒಂಬತ್ತಕ್ಕೆ ಬಾಗಿಲು ಹಾಕುವವರೆಗೂ ಅಲ್ಲಿದ್ದು ಆಮೇಲೆ ರೈಲು ಹತ್ತಿದೆ. ಮೇಡನ್‌ಹೆಡ್ ಸಮೀಪಿಸುವಾಗ ಕಿಟಕಿಯ ಗಾಜಿಗೆ ಎರಡೂ ಕೈ ಮರೆಮಾಡಿ ಹಣೆ ಒತ್ತಿ ಕುಳಿತೆ. ರೈಲಿನ ಸದ್ದು ಒಂದಿಷ್ಟು ಬದಲಾಯಿತು, ಕೆಳಗೆ ಕತ್ತಲಲ್ಲಿ ನೀರು ಒಮ್ಮೆ ಹೊಳೆಯಿತು, ಮುಗಿಯಿತು. ಎದುರಿಗೆ ಕುಳಿತಿದ್ದ ಹುಡುಗ ಹೊರಗೇನಿದೆ ಎಂದು ಕೇಳಿದ. ಮೊಲ ಎಂದೆ.